ಐದನೆಯ ಹಸಿರು

ಫೆಬ್ರವರಿ 3

ಮಾವ,

ಫೋನಿನಲ್ಲಿ ನಿಮ್ಮ ಜೊತೆ ಮಾತಾಡುವುದೆಂದರೆ ಬಾವಿಗೆ ಬಗ್ಗಿ ಕೂಗಿದ ಹಾಗೆ. ಮೊನ್ನೆ ನಾನು "ಮನೆ ಸಿಕ್ತು" ಅಂದರೆ ನೀವು "ಮಳೆ ಬಂತಾ?" ಅಂದಿರಿ. ಅದಕ್ಕೇ ಈ ಕಾಗದ. ಅತ್ತೆಗೂ ಓದಿ ಹೇಳಿ.

ಕನ್ನಡಕದ ಕಾರ್ಖಾನೆಯನ್ನು ಊರ ಹೊರಗಿನ ಈ ಬಡಾವಣೆಗೆ ಎತ್ತಿಹಾಕಿದರು, ಅದರ ಬೆನ್ನಿಗೆ ನಾನೂ ಬಂದೆ. ನಾಲ್ಕನೇ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಪಾಟಿನ ಬಾಗಿಲು ತೆರೆದರೆ ಕೋಣೆಯ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಉಪ್ಪು ಬೇಕೆಂದರೆ ಮೊದಲೇ ಯೋಚಿಸಿ ಒಳಗೆ ನಿಲ್ಲಬೇಕು. ಬಸ್ಸಿನ ಕೊನೆಯ ನಿಲ್ದಾಣ ನಮ್ಮದೇ. ಕಂಡಕ್ಟರ್ "ಲಾಸ್ಟ್ ಸ್ಟಾಪ್, ಎಲ್ಲಾ ಇಳೀರಿ" ಅನ್ನುವ ಧಾಟಿ ಕೇಳಿದರೆ ನಾವೇನೋ ತಪ್ಪು ಮಾಡಿದ್ದೇವೆ ಅನ್ನಿಸುತ್ತದೆ.

ಕೆಲಸ ಅದೇ. ಬೇರೆಯವರ ಕಣ್ಣಿಗೆ ಹೊಂದುವ ಗಾಜನ್ನು ಬೆಳಗಿನಿಂದ ಸಂಜೆಯವರೆಗೆ ಉಜ್ಜುವುದು. ಮನೆಗೆ ಬಂದು ಕಿಟಕಿ ತೆರೆದರೆ ಕಾಣುವುದು ಎದುರು ಕಟ್ಟಡದ ಕಿಟಕಿಗಳು. ಇಲ್ಲಿ ಒಂದು ಎಲೆಯೂ ಇಲ್ಲ ಮಾವ. ಇಡೀ ಬಡಾವಣೆಯನ್ನು ಯಾರೋ ಸ್ಕೇಲು ಹಿಡಿದು, ಒಂದೇ ಒಂದು ಮರವನ್ನೂ ನೆನೆಯದೆ ಗೀಚಿದ ಹಾಗಿದೆ.

ನನ್ನ ಚಿಂತೆ ಮಾಡಬೇಡಿ. ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವಾಕೆ ಒಳ್ಳೆಯ ಗೆಳತಿಯಾಗಿದ್ದಾಳೆ.

ನಿಮ್ಮ ಗುಂಗುರಿ


ಫೆಬ್ರವರಿ 11

ಗುಂಗುರಿ,

ಸ್ಕೇಲು ಹಿಡಿದು ಗೀಚಿದವನು ನಾನೇ.

ನಗಬೇಡ, ನಿಜ. ನಿನ್ನ ಕಾಗದದ ಮೇಲಿನ ವಿಳಾಸ ನೋಡಿ ಎದ್ದು ಕೂತೆ. ಯೋಜನಾ ಕಚೇರಿಗೆ ನಕ್ಷೆ ಬರೆಯಲು ಸೇರಿದ ಎರಡನೇ ವರ್ಷ, ಇಪ್ಪತ್ತಾರರ ಹುಡುಗ ನಾನು, ಆ ಬಡಾವಣೆಯ ನಕ್ಷೆ ನನ್ನ ಮೇಜಿಗೆ ಬಂತು. ಏಳು ತಿಂಗಳು ಬರೆದೆ. ಆ ಜಾಗವನ್ನು ಮಾತ್ರ ಕಣ್ಣಿನಿಂದ ನೋಡಿದವನಲ್ಲ. ಆಗೆಲ್ಲ ಹಾಗೇ. ಅಳೆಯುವವರು ಬಿಸಿಲಿಗೆ, ಬರೆಯುವವರು ನೆರಳಿಗೆ.

ಮರವನ್ನು ನೆನೆಯಲಿಲ್ಲ ಅಂದೆಯಲ್ಲ, ಅದು ಚುಚ್ಚಿತು. ನಾಲ್ಕು ಕಡೆ ಹಸಿರು ಹಚ್ಚಿದ್ದೇನೆ. ಬಣ್ಣಕ್ಕೆ ನೀರು ಹೆಚ್ಚಾಗಿ ಅಂಚು ದಾಟದಂತೆ ಉಸಿರು ಬಿಗಿಹಿಡಿದು ಹಚ್ಚಿದ ಹಸಿರು. ಬಸ್ ನಿಲ್ದಾಣದ ಹಿಂದೆ ಒಂದು ದುಂಡನೆಯದು. ವಿದ್ಯುತ್ ತಂತಿಗಳ ಕೆಳಗೆ ಒಂದು ಉದ್ದನೆಯ ಪಟ್ಟಿ. ಶಾಲೆಯ ಪಕ್ಕ ಒಂದು ಚೌಕ. ದೊಡ್ಡ ಕಾಲುವೆಯ ದಂಡೆಗೆ ಒಂದು. ಹುಡುಕಿಕೊಂಡು ಹೋಗು. ಎಷ್ಟು ಮರ, ಎಷ್ಟು ಬೆಂಚು, ಯಾರು ಕೂರುತ್ತಾರೆ, ಅಷ್ಟನ್ನು ಬರೆ. ವರ್ಣನೆ ಬೇಡ. ನೀನು ಒಂಬತ್ತು ವರ್ಷದವಳಾಗಿ ನನ್ನ ಮನೆಗೆ ಬಂದಾಗ ಪೆನ್ಸಿಲ್ ಹಿಡಿಯಲು ಕಲಿಸಿದವನು ನಾನು. ನಿಮ್ಮಮ್ಮ, ನನ್ನ ತಂಗಿ, ಬದುಕಿದ್ದರೆ ಅವಳೂ ಹೀಗೇ ಹೇಳುತ್ತಿದ್ದಳು: ಇದ್ದದ್ದನ್ನು ಇದ್ದ ಹಾಗೆ ಬರೆ.

ಪಾಲಿಶ್ ಗೆಳತಿಯನ್ನೂ ಕರೆದುಕೊಂಡು ಹೋಗು. ಹೊಸ ಜಾಗದಲ್ಲಿ ಒಬ್ಬಳೇ ಅಲೆಯಬೇಡ ಅನ್ನುತ್ತಿದ್ದಾಳೆ ಅತ್ತೆ.

ಮಾವ


ಫೆಬ್ರವರಿ 26

ಮಾವ,

ಕ್ಷಮಿಸಿ. ಎಲೆ ಇದೆ.

ದುಂಡನೆಯದು ಬಸ್ ನಿಲ್ದಾಣದ ಹಿಂದೆಯೇ ಇದೆ, ನಡುವೆ ಒಂದು ಗೋಡೆ ಎದ್ದಿದೆ ಅಷ್ಟೆ. ದಿನವೂ ಆ ಗೋಡೆಯ ಈಚೆ ಬಸ್ಸಿಗೆ ಕಾಯುತ್ತಿದ್ದೆ, ಆಚೆ ಏನಿದೆಯೆಂದು ಇಣುಕಿರಲಿಲ್ಲ. ಮರ ಇಪ್ಪತ್ತಮೂರು, ಬೆಂಚು ಒಂಬತ್ತು, ಅದರಲ್ಲಿ ಒಂದಕ್ಕೆ ಬೆನ್ನಿಲ್ಲ. ನಡುವೆ ನೀರಿಲ್ಲದ ಕಾರಂಜಿ. ಐದಾರು ಹಿರಿಯರು ಅದರ ಸುತ್ತ ಹಿಮ್ಮುಖವಾಗಿ ನಡೆಯುತ್ತಾರೆ. ಮಂಡಿಗೆ ಒಳ್ಳೆಯದಂತೆ. ನಾನು ಮುಮ್ಮುಖವಾಗಿ ನಡೆದೆ, ಎಲ್ಲರೂ ನನ್ನನ್ನೇ ತಪ್ಪಿತಸ್ಥೆಯ ಹಾಗೆ ನೋಡಿದರು.

ತಂತಿಗಳ ಕೆಳಗಿನ ಪಟ್ಟಿಯಲ್ಲಿ ಮರ ಬೆಳೆಸಲು ಬಿಡುವುದಿಲ್ಲ, ಆದರೆ ಮೊಣಕಾಲುದ್ದ ಹುಲ್ಲು ಇದೆ, ಹುಲ್ಲಿನೊಳಗೆ ಹಳದಿ ಹೂವು. ಗಾಳಿ ಬೀಸಿದರೆ ಮೇಲೆ ತಂತಿ ಗುಂಯ್ ಅನ್ನುತ್ತದೆ, ಕೆಳಗೆ ಹುಲ್ಲು ಸುಯ್ ಅನ್ನುತ್ತದೆ. (ಇದು ವರ್ಣನೆಯಲ್ಲ, ಇದ್ದದ್ದೇ ಹಾಗೆ.) ನಾನೂ ಪಾಲಿಶ್ ಗೆಳತಿಯೂ ಅಲ್ಲಿ ಕೂತು ಡಬ್ಬಿ ಊಟ ಮಾಡಿದೆವು.

ಇನ್ನೆರಡು ಮುಂದಿನ ವಾರ.

ಗುಂಗುರಿ


ಮಾರ್ಚ್ 6

ಗುಂಗುರಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇಪ್ಪತ್ತಮೂರು ಮರ! ನಾನು ನಕ್ಷೆಯಲ್ಲಿ ಹನ್ನೆರಡು ಚುಕ್ಕಿ ಮಾತ್ರ ಇಟ್ಟಿದ್ದೆ. ಉಳಿದವು ತಾವಾಗಿಯೇ ಬಂದು ಸೇರಿಕೊಂಡಿವೆ.

ಅತ್ತೆಯ ಪ್ರಶ್ನೆಗಳು: ಪಾಲಿಶ್ ಮಾಡುವಾಕೆಯ ವಯಸ್ಸೆಷ್ಟು, ಅವಳಿಗೆ ಮಕ್ಕಳೇ, ಅವಳು ಡಬ್ಬಿಯಲ್ಲಿ ಏನು ತಂದಿದ್ದಳು, ನಿನ್ನದನ್ನು ಹಂಚಿಕೊಂಡೆಯೋ ಇಲ್ಲವೋ. ಎಲ್ಲದಕ್ಕೂ ಉತ್ತರ ಬರೆ, ಇಲ್ಲವಾದರೆ ನನಗೆ ಮನೆಯಲ್ಲಿ ಉಳಿಗಾಲವಿಲ್ಲ.

ಮಾವ


ಮಾರ್ಚ್ 19

ಮಾವ,

ಪಾಲಿಶ್‌ನವಳು ಚೆನ್ನಾಗಿದ್ದಾಳೆ ಎಂದು ಅತ್ತೆಗೆ ಹೇಳಿ. ಅದಕ್ಕಿಂತ ದೊಡ್ಡ ಸುದ್ದಿ ಇದೆ.

ಶಾಲೆಯ ಪಕ್ಕದ ಚೌಕ ಈಗಿಲ್ಲ. ಅಲ್ಲಿ ನೀರಿನ ಟ್ಯಾಂಕು ನಿಂತಿದೆ, ಉಳಿದ ಜಾಗದಲ್ಲಿ ಶಿಕ್ಷಕರ ಸ್ಕೂಟರ್‌ಗಳು. ಬೇಜಾರಾಗಿ ವಾರ್ಡ್ ಕಚೇರಿಗೆ ಹೋಗಿ "ಇಲ್ಲೊಂದು ಪಾರ್ಕ್ ಇತ್ತಲ್ಲ?" ಅಂತ ಕೇಳಿದೆ. ಗುಮಾಸ್ತ ತಲೆ ಎತ್ತದೆ ಗೋಡೆಯ ಕಡೆ ಬೆರಳು ತೋರಿಸಿದ. "ನಕ್ಷೆ ಅಲ್ಲಿದೆ, ನೋಡ್ಕೊಳ್ಳಿ."

ನೋಡಿದರೆ ನಿಮ್ಮ ನಕ್ಷೆ! ಗಾಜು ಹಾಕಿ ತೂಗುಹಾಕಿದ್ದಾರೆ. ಬೀದಿಗಳ ಹೆಸರೆಲ್ಲ ನಿಮ್ಮ ಅಕ್ಷರ, ಆ ಬಾಲ ತಿರುಗಿಸುವ ಚಾಳಿ ಆಗಲೇ ಇತ್ತು. ಮೂಲೆಯಲ್ಲಿ ನಿಮ್ಮ ಸಹಿ, ಅದರ ಕೆಳಗೆ ಇನ್ನಾರದೋ ಎರಡಕ್ಷರ. ಎಷ್ಟು ಹೊತ್ತು ನಿಂತೆನೆಂದರೆ ಗುಮಾಸ್ತ ಕೊನೆಗೂ ತಲೆ ಎತ್ತಿದ.

ಮಾವ, ಅದರಲ್ಲಿ ಹಸಿರು ನಾಲ್ಕಲ್ಲ, ಐದು! ಕಾಲುವೆ ತಿರುಗುವ ಕಡೆ ಒಂದು ತ್ರಿಕೋನ ಇದೆ. ನಿಮಗೆ ಮರೆವು ಶುರುವಾಯಿತು ಬಿಡಿ. ನೀವೇ ಹಚ್ಚಿದ ಹಸಿರು ನಿಮಗೇ ನೆನಪಿಲ್ಲ.

ಅವತ್ತೇ ಹೋದೆ. ಕಾಲುವೆಯ ದಂಡೆಯ ನಾಲ್ಕನೆಯದನ್ನು ದಾಟಿಯೇ ಹೋಗಬೇಕು. ಅಲ್ಲಿ ಮರ ಎಣಿಸಲು ಆಗಲಿಲ್ಲ, ಒಂದರೊಳಗೊಂದು ಹೆಣೆದುಕೊಂಡಿವೆ. ಅದರಾಚೆ ಈ ತ್ರಿಕೋನ. ಗೇಟಿಲ್ಲ, ಬೋರ್ಡಿಲ್ಲ, ಬೇಲಿಯಿಲ್ಲ. ಎರಡು ರಸ್ತೆ ಮತ್ತು ಕಾಲುವೆಯ ನಡುವೆ ಯಾರೋ ಮರೆತು ಬಿಟ್ಟ ಹಾಗಿದೆ. ಸುತ್ತಲಿನ ಮನೆಯವರೇ ಅದನ್ನು ನೋಡಿಕೊಳ್ಳುತ್ತಾರಂತೆ. ಒಬ್ಬರು ನಿವೃತ್ತ ಚಾಲಕರು ಹಳೇ ಟೈರುಗಳಲ್ಲಿ ಸಸಿ ಬೆಳೆಸುತ್ತಿದ್ದಾರೆ. "ಇದು ಯಾರ ಜಾಗ?" ಅಂದೆ. "ಯಾರದ್ದೂ ಅಲ್ಲ. ಅದ್ಕೇ ಉಳ್ದಿದೆ" ಅಂದರು. ಕೈಗೆ ನೀರಿನ ಡಬ್ಬಿ ಕೊಟ್ಟು "ಬಂದಿದ್ದೀರಲ್ಲ, ಆ ಸಾಲಿಗೆ ಹಾಕಿ" ಅಂದರು.

ಐದರಲ್ಲಿ ಇದೇ ಚೆಂದ. ಇದನ್ನೇ ಮರೆತಿರಲ್ಲ, ಎಂಥ ನಕ್ಷೆಗಾರರು ನೀವು!

ಗುಂಗುರಿ


ಏಪ್ರಿಲ್ 14

ಮಾವ,

ಹಿಂದಿನ ಕಾಗದ ತಲುಪಿತೇ? ತಲುಪಿದ್ದರೂ ಉತ್ತರವಿಲ್ಲ. ಫೋನ್ ಮಾಡಿದರೆ ಅತ್ತೆ "ಎಲ್ಲಾ ಚೆನ್ನಾಗಿದ್ದೀವಿ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾರೆ. ಮರೆವು ಅಂದದ್ದು ಬೇಸರವಾಯಿತೇ? ತಮಾಷೆಗೆ ಅಂದದ್ದು.

ಗುಂಗುರಿ


ಮೇ 9

ಮಾವ,

ಇನ್ನೂ ಸಿಟ್ಟೇ? ಹಾಗಾದರೆ ಇನ್ನೊಂದು ಕಾರಣವನ್ನೂ ಕೊಟ್ಟುಬಿಡುತ್ತೇನೆ, ಒಟ್ಟಿಗೇ ಬೈದುಬಿಡಿ.

ಪಾಲಿಶ್ ಮಾಡುವಾಕೆ ಅಂತ ಯಾರೂ ಇಲ್ಲ. ಪಕ್ಕದ ಮೇಜಿನಲ್ಲಿ ಇರುವುದು ಒಂದು ಯಂತ್ರ. ಬಂದ ಹೊಸತರಲ್ಲಿ ಇಡೀ ವಾರದಲ್ಲಿ ನನ್ನ ಜೊತೆ ಮಾತಾಡುತ್ತಿದ್ದವನು ಆ ಬಸ್ ಕಂಡಕ್ಟರ್ ಒಬ್ಬನೇ, ಅದೂ ಇಳಿಯಿರಿ ಅಂತ. ನೀವು ಸಂಕಟಪಡುತ್ತೀರಿ ಎಂದು ಗೆಳತಿಯನ್ನು ಹುಟ್ಟಿಸಿದೆ. ಹುಲ್ಲಿನಲ್ಲಿ ಕೂತು ಡಬ್ಬಿ ತಿಂದವಳು ನಾನೊಬ್ಬಳೇ. ಫೆಬ್ರವರಿಯಲ್ಲಿ ಕೆಲಸ ಬಿಟ್ಟು ನಿಮ್ಮ ಮನೆಗೇ ವಾಪಸ್ ಬಂದುಬಿಡೋಣ ಅನ್ನಿಸಿತ್ತು. ನಿಮ್ಮ ನಾಲ್ಕು ಹಸಿರಿನ ಕಾಗದ ಬಂದದ್ದು ಆ ವಾರ.

ಈಗ ಹಾಗಿಲ್ಲ. ಭಾನುವಾರ ತ್ರಿಕೋನಕ್ಕೆ ಹೋಗಿ ನೀರು ಹಾಕುತ್ತೇನೆ. ಚಾಲಕರ ಹೆಂಡತಿ ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ, ನನ್ನ ಗುಂಗುರು ಕೂದಲು ನೋಡಿ "ಬಾಚೋಕೆ ಅರ್ಧ ದಿನ ಬೇಕೇನಮ್ಮಾ?" ಅನ್ನುತ್ತಾರೆ. ಇವರು ನಿಜವಾದವರು, ಆಣೆ.

ಒಂದು ಸಾಲಾದರೂ ಬರೆಯಿರಿ.

ಗುಂಗುರಿ


ಮೇ 17

ಗುಂಗುರಿ,

ಅಕ್ಷರ ಅತ್ತೆಯದು, ಮಾತು ನನ್ನದು. ಮಾರ್ಚ್ 22ಕ್ಕೆ ಬಚ್ಚಲಿನಲ್ಲಿ ಜಾರಿ ಬಿದ್ದೆ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಈಗಲೂ ಆಸ್ಪತ್ರೆಯಲ್ಲೇ, ಆದರೆ ನಾಲ್ಕು ಕಾಲಿನ ಕೋಲು ಹಿಡಿದು ಕಿಟಕಿಯವರೆಗೆ ಹೋಗುತ್ತೇನೆ. (ಸುಳ್ಳು. ಅರ್ಧದವರೆಗೆ.—ಅತ್ತೆ) ನೀನು ಕೆಲಸ ಬಿಟ್ಟು ಓಡಿ ಬರುತ್ತೀ ಎಂದು ಹೇಳಲಿಲ್ಲ. (ಹೇಳಬೇಡ ಅಂದವರು ಅವರು, ನಾನಲ್ಲ.—ಅತ್ತೆ)

ನಿನ್ನ ಕಾಗದಗಳನ್ನು ಅತ್ತೆ ಇಡೀ ವಾರ್ಡಿಗೆ ಕೇಳುವಂತೆ ಓದುತ್ತಾಳೆ. ಪಕ್ಕದ ಹಾಸಿಗೆಯವರು "ಆ ಪಾಲಿಶ್ ಹುಡುಗಿ ಯಂತ್ರ ಅಂತ ಕೇಳಿ ನಂಗೆ ತುಂಬಾ ಬೇಜಾರಾಯ್ತು" ಅಂದರು. ನನಗೆ ಮಾತ್ರ ಬೇಜಾರಿಲ್ಲ. ನೀನು ಸುಳ್ಳು ಹೇಳಿದ್ದು ನಮ್ಮ ನೆಮ್ಮದಿಗೆ.

ಇಲ್ಲಿಂದ ಮುಂದೆ ನನ್ನದೇ ಕೈಬರಹ. ಅತ್ತೆ ಔಷಧಿ ತರಲು ಇಳಿದಿದ್ದಾಳೆ. ಸೊಟ್ಟಗಿದ್ದರೆ ಸಹಿಸಿಕೋ.

ಆ ತ್ರಿಕೋನ ನನಗೆ ಮರೆತಿರಲಿಲ್ಲ. ನಲವತ್ತೆಂಟು ವರ್ಷದಿಂದ ಮರೆಯಲು ನೋಡುತ್ತಿದ್ದೇನೆ.

ನಕ್ಷೆಯನ್ನು ಎರಡು ಹಾಳೆಗಳಲ್ಲಿ ಬರೆದಿದ್ದೆ. ಕಾಲುವೆ ತಿರುಗುವ ಕೋನವನ್ನು ಒಂದು ಹಾಳೆಯಲ್ಲಿ ತಪ್ಪಾಗಿ ಹಾಕಿದೆ. ಕೂಡಿಸಿದಾಗ ನಡುವೆ ಒಂದು ಸಂದಿ ಉಳಿಯಿತು. ತಿದ್ದಬೇಕಾದರೆ ಎರಡು ತಿಂಗಳ ಕೆಲಸ ಮತ್ತೆ ಮೊದಲಿಂದ. ಟ್ರೇಸಿಂಗ್ ಬಟ್ಟೆಯ ಮೇಲೆ ನನ್ನ ನಕ್ಷೆಯ ನಕಲು ತೆಗೆಯುತ್ತಿದ್ದ ಹುಡುಗಿ ಬಂದು ಕೇಳಿದಳು: "ಸರ್, ಈ ಸಂದಿಗೆ ಏನ್ ಮಾಡ್ಲಿ?" ನಾನು "ಹಸಿರು ಹಚ್ಚಿ" ಅಂದೆ. ಕಚೇರಿಯಲ್ಲಿ ಅವಳಷ್ಟು ಚೆಂದದ ಕೈ ಯಾರದ್ದೂ ಇರಲಿಲ್ಲ, ನನ್ನದೂ ಸೇರಿ. ನೀನು ಗೋಡೆಯ ಮೇಲೆ ನೋಡಿದ್ದು ಅವಳ ನಕಲು, ನನ್ನ ಸಹಿಯ ಕೆಳಗಿನ ಎರಡಕ್ಷರ ಅವಳದ್ದು.

ಆಮೇಲೆ ನೆಲದ ಮೇಲೆ ಗೂಟ ಹೊಡೆಯಲು ಹೋದಾಗ ಹನ್ನೊಂದು ಸೈಟುಗಳಿಗೆ ಜಾಗವೇ ಇಲ್ಲ; ಅವನ್ನು ಕೈಬಿಟ್ಟು, ಉಳಿದ ಮೂಲೆಯನ್ನು ನಕ್ಷೆಯಲ್ಲಿದ್ದ ಹಾಗೆ ಹಸಿರಿಗೇ ಬಿಟ್ಟರು. ವಿಚಾರಣೆ ನಡೆಯಿತು. ಮೇಲಧಿಕಾರಿ "ನಕಲು ತೆಗೆಯೋವಾಗ ತಪ್ಪಾಗಿರ್ಬೇಕು" ಅಂದರು. ಅವಳು ನನ್ನ ಕಡೆ ನೋಡಿದಳು. ನಾನು ಮೇಜಿನ ಮೇಲಿನ ಸ್ಕೇಲು ನೋಡಿದೆ. ನನ್ನ ಪೆನ್ಸಿಲ್ ನಕ್ಷೆ ನನ್ನ ಕಪಾಟಿನಲ್ಲೇ ಇತ್ತು, ತೆಗೆದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಅವಳನ್ನು ದಾಸ್ತಾನು ಕೋಣೆಗೆ ಹಾಕಿದರು. ಮತ್ತೆ ಯಾವತ್ತೂ ನಕ್ಷೆಯ ಮೇಜಿಗೆ ಕರೆಯಲಿಲ್ಲ. ವರ್ಷದೊಳಗೆ ನನ್ನನ್ನು ಬೇರೆ ಶಾಖೆಗೆ ಬಡ್ತಿ ಕೊಟ್ಟು ಕಳಿಸಿದರು.

ನೀನು "ಐದರಲ್ಲಿ ಇದೇ ಚೆಂದ" ಅಂತ ಬರೆದ ದಿನದಿಂದ ಮಲಗಿದಲ್ಲೇ ಅದೇ ತಿರುಗುತ್ತಿದೆ. ಯಾರಿಗಾದರೂ ಹೇಳಬೇಕಿತ್ತು. ನಿನಗೆ ಹೇಳಿದೆ.

ಮಾವ


ಮೇ 30

ಮಾವ,

ಮೊದಲು ಸೊಂಟದ ಮಾತು. ಮುಂದಿನ ಶುಕ್ರವಾರದ ಬಸ್ಸಿಗೆ ಬರುತ್ತೇನೆ, ಎರಡು ದಿನ ರಜೆ ಸಿಕ್ಕಿದೆ. ಓಡಿ ಬರಬೇಡ ಅನ್ನಬೇಡಿ, ಕೂತೇ ಬರುತ್ತೇನೆ.

ಉಳಿದದ್ದನ್ನು ಎದುರಿಗೆ ಹೇಳಲು ನನಗೆ ಧೈರ್ಯ ಸಾಲದು, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಓದಿ ಮೂರು ದಿನ ನನಗೆ ಸಿಟ್ಟು ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆ ಅಂತ ನನ್ನ ಕೈ ಹಿಡಿದು ತಿದ್ದಿದವರು ನೀವು. ಕಾರ್ಖಾನೆಯಲ್ಲಿ ಒಂದು ಗಾಜನ್ನು ಹೆಚ್ಚು ಉಜ್ಜಿ ಹಾಳುಮಾಡಿದೆ. ನಾನೇ ಅಂತ ಹೇಳಿದೆ. ಬೈದರು, ಮುಗಿಯಿತು. ಅಷ್ಟೇ ಆಗುತ್ತಿತ್ತೇನೋ ನಿಮಗೂ. ಇಲ್ಲ, ಅಷ್ಟೇ ಆಗುತ್ತಿರಲಿಲ್ಲ, ಗೊತ್ತು.

ತ್ರಿಕೋನದಲ್ಲಿ ಈಗ ಅರವತ್ತು ಸಸಿ ಇದೆ. ಅದನ್ನು ಕೇಳಿ "ಒಳ್ಳೆಯದೇ ಆಯಿತಲ್ಲ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅರವತ್ತು ಸಸಿಯಿಂದ ಆಕೆಗೆ ಮೇಜು ವಾಪಸ್ ಸಿಗಲಿಲ್ಲ. ಮಾವ, ನೀವು ಬರೆಯಬೇಕಾದ ಕಾಗದ ನನಗಲ್ಲ. ನಿಮ್ಮ ಕಚೇರಿಯ ನಿವೃತ್ತರ ಸಂಘದಲ್ಲಿ ವಿಳಾಸ ಸಿಗಬಹುದು. ಅತ್ತೆಗೂ ಹೇಳಿ. ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ಇರುವವರಿಗೆ ಇದು ಗೊತ್ತಿರಬೇಕು.

ಇಷ್ಟೆಲ್ಲ ಬರೆದ ಮೇಲೂ ನೀವು ನನ್ನ ಮಾವನೇ. ಶುಕ್ರವಾರ ಸಂಜೆ ಸಿಗೋಣ. ಇದರ ಬಗ್ಗೆ ಮಾತಾಡುವುದು ಬೇಡ, ಲೂಡೊ ಆಡೋಣ.

ಗುಂಗುರಿ


ಜುಲೈ 12

ಗುಂಗುರಿ,

ಲೂಡೊದಲ್ಲಿ ನೀನು ಮೋಸ ಮಾಡಿದ್ದನ್ನು ವಾರ್ಡಿನವರು ಹೇಳುತ್ತಲೇ ಇದ್ದರು, ನಾನು ಮನೆಗೆ ಬರುವ ದಿನದವರೆಗೂ.

ಅತ್ತೆಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಅಡುಗೆ, ಔಷಧಿ, ಬಿಸಿನೀರು ಎಲ್ಲ ಸಮಯಕ್ಕೆ ಸರಿಯಾಗಿ, ಬಾಯಿ ಮಾತ್ರ ಬಂದ್. ಮೂರನೇ ದಿನ ಬೆಳಿಗ್ಗೆ "ಕಾಗದ ಬರೆದಾಯ್ತಾ ಇಲ್ವಾ?" ಅಂದಳು. ಆಗಲೇ ಹನ್ನೆರಡು ಹರಿದು ಹಾಕಿದ್ದೆ. ಕೊನೆಗೆ ನಾಲ್ಕು ಸಾಲು ಉಳಿಯಿತು. ಕಾರಣ ಒಂದನ್ನೂ ಬರೆಯಲಿಲ್ಲ. ಅತ್ತೆಯೇ ಅಂಚೆ ಡಬ್ಬಿಗೆ ಹಾಕಿ ಬಂದಳು.

ಉತ್ತರ ಬಂದಿದೆ. ಅಕ್ಷರ ಈಗಲೂ ಹಾಗೇ, ಅಚ್ಚು ಹಾಕಿದ ಹಾಗೆ. ಇದ್ದದ್ದನ್ನು ಇದ್ದ ಹಾಗೆ ಇಳಿಸುತ್ತೇನೆ:

"ನಿಮ್ಮ ಕಾಗದ ತಲುಪಿತು. ಅವತ್ತು ನೀವು ಮಾತಾಡುತ್ತೀರಿ ಎಂದು ನಾನು ಸುಮ್ಮನಿದ್ದೆ. ನೀವು ಮಾತಾಡುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ನನ್ನ ವರ್ಗಾವಣೆಯ ಕಾಗದಕ್ಕೆ ಸಹಿ ಬಿದ್ದಿತ್ತು. ದಾಸ್ತಾನು ಕೋಣೆಯಲ್ಲಿ ಮೂವತ್ತು ವರ್ಷ ಕಳೆದೆ. ಅಲ್ಲಿಯೂ ಒಳ್ಳೆಯ ಜನ ಇದ್ದರು. ನನ್ನ ಬಾಳು ಹಾಳಾಯಿತು ಎಂದು ನೀವು ತಿಳಿದಿದ್ದರೆ, ಹಾಗೇನೂ ಆಗಲಿಲ್ಲ. ಆದರೆ ನಕ್ಷೆ ಬರೆಯುವುದು ನನಗೆ ಬಹಳ ಇಷ್ಟವಿತ್ತು. ಆ ಜಾಗ ಈಗ ಏನಾಗಿದೆ? ಯಾವ ಬಸ್ಸು ಹೋಗುತ್ತದೆ?"

ಅಷ್ಟೆ. ಕ್ಷಮಿಸಿದ್ದೇನೆ ಅಂತ ಎಲ್ಲೂ ಇಲ್ಲ. ನಾಲ್ಕು ಸಲ ಹುಡುಕಿದೆ.

ಬಸ್ಸಿನ ನಂಬರ್ ಬರೆದು ಕಳಿಸಿದೆ. ಆಗಸ್ಟ್ ಎರಡನೇ ಭಾನುವಾರ ಬರುತ್ತಾರಂತೆ. ಡಾಕ್ಟರು ನನಗೂ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ನಾನೂ ಅತ್ತೆಯೂ ಬರುತ್ತೇವೆ. ಹಾಕಿಕೊಳ್ಳುವ ಅಂಗಿಯನ್ನು ಈಗಲೇ ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ. ಎಪ್ಪತ್ತನಾಲ್ಕು ವರ್ಷ ನನಗೆ.

ಮಾವ


ಆಗಸ್ಟ್ 17

ಮಾವ, ಅತ್ತೆ,

ಸುಖವಾಗಿ ಮನೆ ಸೇರಿದಿರಿ ಎಂದು ಫೋನಿನಲ್ಲಿ ಕೇಳಿ ಸಮಾಧಾನವಾಯಿತು. ನಾನು "ಕಾಲು ಹೇಗಿದೆ" ಅಂದರೆ ನೀವು "ಹಾಲು ಇದೆ" ಅಂದದ್ದೂ ಕೇಳಿಸಿತು.

ಮಾವ, ನಾಲ್ಕು ಕಾಲಿನ ಕೋಲು ಊರಿಕೊಂಡು ನೀವು ತ್ರಿಕೋನದ ಆ ತುದಿಯವರೆಗೆ ಹೋಗಿ ನಿಮ್ಮ ನಕ್ಷೆಯ ನಕಲು ತೆಗೆದ ಅವರ ಎದುರು ನಿಂತದ್ದನ್ನು ನಾನೂ ಅತ್ತೆಯೂ ಟೈರುಗಳ ಹತ್ತಿರ ನಿಂತು ನೋಡುತ್ತಿದ್ದೆವು. ಏನು ಹೇಳಿದಿರೋ ಕೇಳಿಸಲಿಲ್ಲ. ಅತ್ತೆ ನನ್ನ ಮಣಿಕಟ್ಟು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಸಂಜೆಯವರೆಗೂ ಕೆಂಪಗಿತ್ತು. ನೀವು ಏನು ಹೇಳಿದಿರಿ ಎಂದು ಕೇಳುವುದೂ ಇಲ್ಲ. ನಿಮ್ಮ ಬಸ್ಸು ಹೊರಟ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲವಲ್ಲ, ಅದನ್ನು ಬರೆಯುತ್ತೇನೆ.

ಅವರು ಹೊರಡಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಅಂದರು. ಕಾಲುವೆಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಚಾಲಕರ ಹೆಂಡತಿ ಚಹಾ ಕೊಟ್ಟರು. ಎರಡು ಗುಟುಕು ಕುಡಿದ ಮೇಲೆ ಅಂದರು:

"ಇಷ್ಟು ವರ್ಷ ಕಾದ ಮಾತು ಅರ್ಧ ನಿಮಿಷದಲ್ಲಿ ಮುಗ್ದೋಯ್ತು, ನೋಡಮ್ಮ."

"ಸಾಲ್ಲಿಲ್ವಾ?" ಅಂದೆ.

"ಮನೇಲಿ ಕೂತು ಏನೇನೋ ಅನ್ಕೊಂಡಿದ್ದೆ, ಹೀಗ್ ಬಯ್ಬೇಕು, ಹಾಗ್ ಬಯ್ಬೇಕು ಅಂತ. ಅವ್ರು ಬಂದು ನಿಂತ್ರಲ್ಲ, ಆ ಕೋಲು ಗಡಗಡ ನಡುಗ್ತಿತ್ತು. ಬೈಯೋಕಿಂತ ಮುಂಚೆ ಹಿಡ್ಕೋಬೇಕು ಅನ್ನಿಸ್ತು. ಹಿಡ್ಕೊಂಡೆ." ಲೋಟ ಕೆಳಗಿಟ್ಟು, "ಬೈಯೋದು ಪೂರ್ತಿ ಬಿಟ್ಟಿಲ್ಲ. ಇನ್ನೊಂದ್ ಸಲ ಬರ್ಲಿ, ಕಾಲು ಗಟ್ಟಿಯಾಗ್ಲಿ" ಅಂದರು. ನಗುತ್ತಲೇ ಅಂದರು, ಆದರೆ ನಿಜವಾಗಿಯೂ ಬೈಯುತ್ತಾರೆ ಅನ್ನಿಸುತ್ತದೆ ಮಾವ. ತಯಾರಾಗಿರಿ.

ಆಮೇಲೆ ಎದ್ದು ಇಡೀ ತ್ರಿಕೋನವನ್ನು ಹೆಜ್ಜೆಯಲ್ಲಿ ಅಳೆದರು. ನೂರಾಹದಿನಾರು, ತೊಂಬತ್ತೆರಡು, ಅರವತ್ತೊಂದು. ಚಾಲಕರು ಹಿಂದೆಯೇ ಓಡಾಡಿ "ಏನಮ್ಮಾ, ಸೈಟು ತಗೋತೀರಾ?" ಅಂದರೆ "ಸೈಟಲ್ಲ, ನನ್ ಕೆಲಸ ಸರಿಯಾಗಿದ್ಯಾ ಅಂತ ನೋಡ್ತಿದ್ದೀನಿ" ಅಂದರು. ಹೊರಡುವಾಗ ತಮ್ಮ ಕನ್ನಡಕ ತೆಗೆದು ನನಗೆ ಕೊಟ್ಟು, ಚೀಲದಲ್ಲಿದ್ದ ಹಳೆಯದನ್ನು ಹಾಕಿಕೊಂಡರು. ಬಲಗಣ್ಣಿನ ಗಾಜು ಗೀರು ಬಿದ್ದು ಮಂಜಾಗಿತ್ತು. ಬುಧವಾರ ಹೊಸದು ಉಜ್ಜಿದೆ, ಎರಡು ಸಲ ಪರೀಕ್ಷಿಸಿದೆ. ಇಷ್ಟು ಜಾಗ್ರತೆಯಿಂದ ಯಾರ ಗಾಜನ್ನೂ ಉಜ್ಜಿರಲಿಲ್ಲ.

ಇಂದು ಅದನ್ನು ತೆಗೆದುಕೊಂಡು ಹೋಗಲು ಬರುತ್ತಾರೆ, ಮೂರು ಗಂಟೆಯ ಬಸ್ಸಿಗೆ. ಕನ್ನಡಕ ಹಾಕಿಕೊಂಡ ಮೇಲೆ ಮೊದಲು ಕಾಲುವೆ ದಂಡೆಯ ಮರಗಳನ್ನು ಎಣಿಸಬೇಕಂತೆ. ನಾನು ಎಣಿಸಲಾಗದೆ ಬಿಟ್ಟದ್ದು ಅವರಿಗೆ ಸರಿಬಂದಿಲ್ಲ. "ಎಣ್ಸೋಕಾಗಲ್ಲ ಅನ್ನೋದು ಏನೂ ಇಲ್ಲ, ಸೋಮಾರಿತನ" ಅಂದರು.

ಈಗಾಗಲೇ ಎರಡೂ ಮುಕ್ಕಾಲು. ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ, ತಡವಾದರೆ ಬೈಸಿಕೊಳ್ಳುವವಳು ನಾನಾಗುತ್ತೇನೆ.

ಗುಂಗುರಿ